ಮೇಣದ ಡಬ್ಬಿಯ ಕೆಳಗಿನ ಕಲ್ಲು

"ಅಜ್ಜಯ್ಯ, ಮನೆಯಲ್ಲಿ ಮಾತು ನಿಂತು ಮೂರು ತಿಂಗಳಾಯಿತು. ಇದನ್ನು ಶಾಂತಿ ಎನ್ನಬಹುದೇ?"

ಕೇಳಿದವನು ಕೊಟ್ರೇಶ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮೂರು ವರ್ಷಗಳಿಂದ ದಿನಕ್ಕೆರಡು ಹೊತ್ತು ಮಠಕ್ಕೆ ಬಂದು ಧ್ಯಾನಕ್ಕೆ ಕೂರುತ್ತಿದ್ದ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು.

ಮಠದ ಹಿರಿಯರಾದ ಅಜ್ಜಯ್ಯನವರು ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರ ಮಾತು?"

"ನನ್ನ ಹೆಂಡತಿಯದು. ಮೊದಲೆಲ್ಲ ನಾನು ಚಪ್ಪಲಿ ಬಿಡುವುದರೊಳಗೆ ಶುರುವಾಗುತ್ತಿತ್ತು. ಅದು ತರಲಿಲ್ಲ, ಇದು ಕೇಳಲಿಲ್ಲ, ಹಾಸಿಗೆಯನ್ನೂ ಮಠಕ್ಕೇ ಒಯ್ಯಿರಿ, ಹೀಗೆ. ಈಗ ಒಂದು ಮಾತಿಲ್ಲ. ತಟ್ಟೆ ಇಡುತ್ತಾಳೆ, ಒಳಗೆ ಹೋಗುತ್ತಾಳೆ. ನನ್ನ ಧ್ಯಾನ ಅವಳಿಗೂ ತಟ್ಟಿತು ಅನ್ನಿಸುತ್ತದೆ."

ಅಜ್ಜಯ್ಯನವರು ಇನ್ನೂ ನಾಲ್ಕು ಕಾಯಿ ಸುಲಿದರು.

"ನಿನಗೆ ಮೇಣದಬತ್ತಿ ಮಾಡಲು ಬರುತ್ತದೆಯೇ?"

"ಇಲ್ಲ, ಅಜ್ಜಯ್ಯ."

"ಕೂತುಕೋ. ಹೇಳುತ್ತೇನೆ."

ಅವರು ಹೇಳಿದ್ದು ಇದು.

ಒಂದು ಊರಿನಲ್ಲಿ ಗಂಡ ಹೆಂಡತಿ ಇದ್ದರು. ಮನೆಯಲ್ಲೇ ಮೇಣದಬತ್ತಿ ಮಾಡುತ್ತಿದ್ದರು. ಊರಿಗೆ ಕರೆಂಟು ಬಂದಿತ್ತು. ಇರುತ್ತಿರಲಿಲ್ಲ. ಸಂಜೆ ದೀಪ ಹೋದ ಕೂಡಲೇ ಬೀದಿಯ ಎಲ್ಲ ಮನೆಗಳಲ್ಲೂ ಆ ಒಂದು ಮನೆಯ ಬತ್ತಿ ಹೊತ್ತಿಕೊಳ್ಳುತ್ತಿತ್ತು. ದರ್ಜಿ ಅದರ ಬೆಳಕಿನಲ್ಲಿ ಗುಂಡಿ ಹಚ್ಚುತ್ತಿದ್ದ. ಮಕ್ಕಳು ಮಗ್ಗಿ ಹೇಳುತ್ತಿದ್ದರು. ಬುಡಕ್ಕೆ ಎರಡು ತೊಟ್ಟು ಮೇಣ ಇಳಿಸಿ ಬತ್ತಿಯನ್ನು ಕಿಟಕಿಯ ಕಟ್ಟೆಗೆ ಅಂಟಿಸುತ್ತಿದ್ದರು. ಬೆಳಿಗ್ಗೆ ಆ ಮೇಣವನ್ನು ಉಗುರಿನಿಂದ ಕೆರೆದು, ಉಂಡೆ ಕಟ್ಟಿ, ಅದೇ ಮನೆಗೆ ತಿರುಗಿ ಕೊಡುತ್ತಿದ್ದರು. ವಾರ ಕಳೆದರೆ ಅದೇ ಉಂಡೆ ಹೊಸ ಬತ್ತಿಯಾಗಿ ಯಾರದೋ ಕಿಟಕಿಯಲ್ಲಿ ಉರಿಯುತ್ತಿತ್ತು. ಒಬ್ಬರ ಮನೆಯ ಬೆಳಕು ಇನ್ನೊಬ್ಬರ ಮನೆಗೆ ಹೀಗೆ ಹೋಗುತ್ತಿತ್ತು. ಅದನ್ನು ಯಾರೂ ದೊಡ್ಡ ವಿಷಯ ಅಂದುಕೊಂಡಿರಲಿಲ್ಲ.

ನಾನೂ ಆ ಬೆಳಕಿನಲ್ಲಿ ಓದಿದವನು. ಈಗ ದೀಪ ಹೋಗುವುದಿಲ್ಲ. ಹೋದರೂ ಯಾರೂ ಹೊರಗೆ ಬಂದು, ನಿಮ್ಮಲ್ಲೂ ಹೋಯಿತೇ ಎಂದು ಕೇಳುವುದಿಲ್ಲ. ಇರಲಿ.

ಆ ಮನೆಯಲ್ಲಿ ಅಚ್ಚಿಗೆ ಎಣ್ಣೆ ಸವರಿ ನೂಲು ಕಟ್ಟುವುದು ಗಂಡನ ಕೆಲಸ. ಮೇಣ ಕರಗಿಸುವುದು ಹೆಂಡತಿಯ ಕೆಲಸ. ಕರಗಿಸುವ ರೀತಿಯನ್ನು ಅವಳು ತವರಿನಿಂದ ತಂದಿದ್ದಳು. ಮೇಣದ ಡಬ್ಬಿಯನ್ನು ನೇರ ಬೆಂಕಿಯ ಮೇಲೆ ಎಂದೂ ಇಡುತ್ತಿರಲಿಲ್ಲ. ಸ್ಟೌವಿನ ಮೇಲೆ ಒಂದು ಪಾತ್ರೆ. ಪಾತ್ರೆಯಲ್ಲಿ ನೀರು. ನೀರಿನಲ್ಲಿ ಮೂರು ಹೆಂಚಿನ ಚೂರು. ಚೂರುಗಳ ಮೇಲೆ ಡಬ್ಬಿ. ಬೆಂಕಿ ನೀರನ್ನು ಕಾಯಿಸಬೇಕು, ನೀರು ಮೇಣವನ್ನು ಕರಗಿಸಬೇಕು. ನಡುವೆ ನೀರು ಇರುವ ತನಕ ಮೇಣಕ್ಕೆ ಕೇಡಿಲ್ಲ.

ನೀರು ಆವಿಯಾಗುತ್ತದೆ. ಡಬ್ಬಿ ಪಾತ್ರೆಯ ಬಾಯಿ ತುಂಬ ಕೂತಿರುತ್ತದೆ. ಕೆಳಗೆ ನೀರು ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಅವಳು ನೀರಿನೊಳಗೆ ಗೋಲಿಯಷ್ಟು ದಪ್ಪದ ಒಂದು ಕಲ್ಲು ಹಾಕುತ್ತಿದ್ದಳು. ಅವಳ ತಾಯಿ ಕಡುಬು ಬೇಯಿಸುವ ಪಾತ್ರೆಗೆ ಹಾಕುತ್ತಿದ್ದದ್ದು ಹೀಗೆಯೇ. ನೀರು ಕುದಿಯುವಷ್ಟು ಹೊತ್ತು ಕಲ್ಲು ತಳದಲ್ಲಿ ಕುಣಿಯುತ್ತದೆ. ಟಕಟಕ, ಟಕಟಕ. ನೀರು ತೀರುತ್ತ ಬಂದರೆ ಸದ್ದು ನಿಧಾನವಾಗುತ್ತದೆ. ತೀರಿದರೆ ನಿಲ್ಲುತ್ತದೆ.

"ಹಾಲು ವಾಸಿ," ಎನ್ನುತ್ತಿದ್ದಳು ಅವಳು. "ಉಕ್ಕಿ ಹೇಳುತ್ತೆ. ಈ ಮೇಣ ಹೇಳೋದಿಲ್ಲ. ಸುಮ್ಮನೆ ಕಾಯುತ್ತೆ, ಸುಮ್ಮನೆ ಹೊಗೆಯಾಡುತ್ತೆ, ಆಮೇಲೆ ಹತ್ತಿಕೊಳ್ಳುತ್ತೆ."

ಸ್ಟೌವಿನ ಪಕ್ಕ ಗೋಡೆಗೆ ಒಂದು ಕಬ್ಬಿಣದ ಮುಚ್ಚಳ ಒರಗಿಸಿರುತ್ತಿದ್ದಳು. ಮನೆಯ ಯಾವ ಪಾತ್ರೆಗೂ ಸೇರದ ಮುಚ್ಚಳ. ಗಂಡ ಅದನ್ನು ಅಟ್ಟಕ್ಕೆ ಎಸೆಯುತ್ತಿದ್ದ. ಅವಳು ಇಳಿಸಿ ತಂದು ಒರಗಿಸುತ್ತಿದ್ದಳು. ಪ್ರತಿ ಸಲವೂ ಬೈಯುತ್ತಿದ್ದಳು.

ಬೈಯುವುದು ಅವಳ ಸ್ವಭಾವ. ಅಚ್ಚು ಒರೆಸಿದಿರಾ, ಹನಿ ನೀರಿದ್ದರೆ ಬತ್ತಿ ಉರಿಯುವಾಗ ಚಟಪಟ ಅನ್ನುತ್ತೆ. ನೂಲು ನಡುವೆ ನಿಲ್ಲಿಸಿ, ಅದೇನು ಕುಡಿದು ಬಂದಿದೆಯೇ ವಾಲುವುದಕ್ಕೆ. ಅಷ್ಟು ಬಿಸಿ ಮೇಣ ಹುಯ್ಯಬೇಡಿ, ತಣ್ಣಗಾದಾಗ ನಡುವೆ ಗುಂಡಿ ಬೀಳುತ್ತೆ. ಒಲೆಯ ಮೇಲೆ ಮೇಣವಿದ್ದಾಗ ಏಳಬೇಡಿ, ಸ್ವಂತ ಅಪ್ಪ ಬಂದು ಕರೆದರೂ ಏಳಬೇಡಿ. ಬೆಳಗಿನಿಂದ ಸಂಜೆಯ ತನಕ ಹೀಗೆ. ಕೆಳಗೆ ಕಲ್ಲು, ಮೇಲೆ ಅವಳು.

ಗಂಡನಿಗೆ ತತ್ತ್ವಪದ ಹಾಡುವ ಹುಚ್ಚು. ಸೋಮವಾರದ ಭಜನೆಯಲ್ಲಿ ಅವನದೇ ಮುಂದಾಳುತನ. ನೂಲು ಕಟ್ಟುತ್ತ ಹಾಡುತ್ತಿದ್ದ. ಪಲ್ಲವಿ ಏರುವ ಹೊತ್ತಿಗೆ ಕಲ್ಲು ಅಡ್ಡ ಬರುತ್ತಿತ್ತು.

"ನಿನ್ನ ಕಲ್ಲಿಗೆ ತಾಳವೇ ಇಲ್ಲ ಕಣೇ. ನನ್ನ ಹಾಡು ಕೆಡಿಸುತ್ತೆ."

"ಹಾಡು ಕೆಟ್ಟರೆ ನಾಳೆ ಹಾಡಬಹುದು."

"ಈ ಮನೆಯಲ್ಲಿ ಎರಡು ಗಳಿಗೆ ನಿಶ್ಶಬ್ದ ಸಿಕ್ಕಿದ್ದರೆ ನಾನು ಎಲ್ಲೋ ಇರುತ್ತಿದ್ದೆ."

"ಎಲ್ಲಿಗೂ ಹೋಗಬೇಡಿ. ಅಲ್ಲೂ ನೂಲು ವಾಲಿಸಿ ಕಟ್ಟಿ ಮರ್ಯಾದೆ ತೆಗೀತೀರಿ."

ಬೀದಿಯವರು ಇದನ್ನು ಕೇಳಿ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಭಜನೆಯ ಗೆಳೆಯರ ಹತ್ತಿರ, ನನ್ನ ಮನೆಯಲ್ಲಿ ಎರಡು ಕಲ್ಲುಗಳಿವೆ ಎನ್ನುತ್ತಿದ್ದ.

ಮಾರ್ಚ್ ತಿಂಗಳು ಬಂತು. ಮಕ್ಕಳಿಗೆ ಪರೀಕ್ಷೆ. ಕರೆಂಟು ಮೊದಲಿಗಿಂತ ಹೆಚ್ಚು ಹೊತ್ತು ಹೋಗುತ್ತಿತ್ತು. ಬತ್ತಿಗಳು ಮಾಡಿದಷ್ಟೂ ಸಾಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಲೆಯ ಮೇಲೆ ಮೇಣ ತುಂಬಿದ ಡಬ್ಬಿ ಇತ್ತು. ಮನೆಯಲ್ಲಿ ನೀರು ತೀರಿತ್ತು. ಕೆಳಗಿನ ಪಾತ್ರೆಗೆ ಅರ್ಧವೇ ಹಾಕಿದ್ದಳು. ಬೀದಿಯ ಕೊನೆಯ ನಲ್ಲಿಗೆ ನೀರು ಬಿಟ್ಟರು ಎಂದು ಯಾರೋ ಕೂಗಿದರು.

ಹೆಂಡತಿ ಕೊಡ ಎತ್ತಿಕೊಂಡಳು.

"ನೀರು ಅರ್ಧವೇ ಇದೆ. ಕಲ್ಲಿನ ಮೇಲೆ ಕಿವಿ ಇರಲಿ. ನಿಂತರೆ ಸ್ಟೌ ಆರಿಸಿಬಿಡಿ. ಕೇಳಿಸ್ತಾ?"

"ಕೇಳಿಸ್ತು, ಹೋಗೇ."

"ಏನು ಕೇಳಿಸ್ತು, ಹೇಳಿ ನೋಡೋಣ."

"ನೀನು ಹೋಗ್ತೀಯಾ ಇಲ್ಲವಾ?"

ಅವಳು ಹೋದಳು. ನಲ್ಲಿಯಲ್ಲಿ ಸಾಲು ದೊಡ್ಡದಿತ್ತು.

ಗಂಡ ನೂಲು ಕಟ್ಟುತ್ತ ಹಾಡು ಎತ್ತಿಕೊಂಡ. ಸ್ವಲ್ಪ ಹೊತ್ತು ಕಲ್ಲು ಟಕಟಕ ಎಂದಿತು. ಆಮೇಲೆ ಬಿಟ್ಟು ಬಿಟ್ಟು ಟಕ್ ಎಂದಿತು. ಆಮೇಲೆ ನಿಂತಿತು.

ಅವನಿಗೆ ಗೊತ್ತಾಗಲಿಲ್ಲ ಎನ್ನುವಂತಿಲ್ಲ. ಗೊತ್ತಾಯಿತು. ಮನೆ ಇದ್ದಕ್ಕಿದ್ದಂತೆ ಹಗುರವಾದ ಹಾಗೆ ಅನ್ನಿಸಿತು. ಹೊಂಚು ಹಾಕಿ ಕಾದಿದ್ದ ನಿಶ್ಶಬ್ದ ಕೈಗೆ ಸಿಕ್ಕಿತ್ತು. ಅದರ ಅರ್ಥ ಏನೆಂದು ಯೋಚಿಸುವ ಬದಲು ಅವನು ಕಣ್ಣು ಮುಚ್ಚಿಕೊಂಡ. ಪಲ್ಲವಿ ಎತ್ತಿದ. ಎಲ್ಲಿಯೂ ತಡೆಯಲಿಲ್ಲ. ಮೇಲಿನ ಷಡ್ಜದಲ್ಲಿ ನಿಂತ. ಅಷ್ಟು ಚೆನ್ನಾಗಿ ಅವನು ಜನ್ಮದಲ್ಲಿ ಹಾಡಿರಲಿಲ್ಲ. ಅವನೇ ಆಮೇಲೆ ಹೇಳಿಕೊಂಡದ್ದು ಇದು. ಹೇಳುವಾಗ ತಲೆ ತಗ್ಗಿಸುತ್ತಿದ್ದ.

ಕಣ್ಣು ತೆರೆದಾಗ ಡಬ್ಬಿಯ ಮೇಲೆ ಹೊಗೆ. ಅವನು ಏಳುವಷ್ಟರಲ್ಲಿ ಹೊಗೆ ಬೆಂಕಿಯಾಯಿತು.

ಅದೇ ಹೊತ್ತಿಗೆ ಹೆಂಡತಿ ತುಂಬಿದ ಕೊಡ ಹೊತ್ತು ಬಾಗಿಲಿಗೆ ಬಂದಳು. ಅವನು ಓಡಿಬಂದು ಸೊಂಟದಿಂದ ಕೊಡ ಕಸಿದುಕೊಂಡ. ಬೇಡ ಎಂದು ಅವಳು ಕಿರುಚಿದಳು. ಎರಡು ಸಲ ಕಿರುಚಿದಳು. ಅವಳ ಕಿರುಚಾಟ ಅವನಿಗೆ ಹೊಸದಲ್ಲ. ಎತ್ತಿ ಸುರಿದುಬಿಟ್ಟ.

ಉರಿಯುವ ಮೇಣಕ್ಕೆ ನೀರು ಬಿದ್ದರೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ಜಂತೆಯ ತನಕ ಹೋಯಿತು ಎಂದಷ್ಟೇ ತಿಳಿದುಕೋ. ಅವಳು ಅವನನ್ನು ಭುಜದಿಂದ ಗುದ್ದಿ ಹಿಂದಕ್ಕೆ ತಳ್ಳಿದಳು. ಗೋಡೆಗೆ ಒರಗಿಸಿದ್ದ ಮುಚ್ಚಳ ತೆಗೆದು ಡಬ್ಬಿಯ ಮೇಲೆ ಕವಿಚಿ ಒತ್ತಿ ಹಿಡಿದಳು. ಎಡಗೈಯಿಂದ ಸ್ಟೌ ಆರಿಸಿದಳು. ಉಸಿರು ಸಿಗದೆ ಬೆಂಕಿ ಸತ್ತಿತು. ಮನೆ ಉಳಿಯಿತು. ಅವನು ಉಳಿದ. ಅವಳ ಬಲಗೈ ಮೊಣಕೈಯ ತನಕ ಬೆಂದಿತ್ತು.

ಇಲ್ಲಿ ಕೊಟ್ರೇಶ ಬಾಯಿ ಹಾಕಿದ.

"ಅಜ್ಜಯ್ಯ, ಇದು ಮೇಣದ ಕತೆಯೋ, ಸಂಸಾರದ ಕತೆಯೋ?"

"ಮೇಣದ್ದು. ಸುಮ್ಮನೆ ಕೇಳು."

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಮೂಲೆಯ ಮಣೆಯ ಮೇಲೆ ಕೂತಳು. ಕೈಗೆ ಪಟ್ಟಿ ಕಟ್ಟಿದ್ದರು. ಅವನು ಬೈಗುಳಕ್ಕೆ ಸಿದ್ಧನಾಗಿ ನಿಂತ. ಹೊಡೆದರೂ ಹೊಡೆಯಲಿ ಎಂದುಕೊಂಡ. ಅವಳು ಒಂದು ಮಾತೂ ಆಡಲಿಲ್ಲ. ಮರುದಿನವೂ ಆಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು. ಅವನು ತುತ್ತು ಕಲಸಿ ಕೊಟ್ಟರೆ ತಿನ್ನುತ್ತಿದ್ದಳು. ಉಪ್ಪು ಹೆಚ್ಚಾದರೂ ತಿನ್ನುತ್ತಿದ್ದಳು.

ಭಜನೆಯ ಗೆಳೆಯನೊಬ್ಬ ಬಂದು, "ಈಗಲಾದರೂ ಮನೆ ತಣ್ಣಗಾಯಿತಲ್ಲ" ಎಂದ. ಗಂಡ ಅವನನ್ನು ಕತ್ತು ಹಿಡಿದು ಹೊರಗೆ ಹಾಕಿದ.

ಒಂದು ತಿಂಗಳ ನಂತರ ಅವನೇ ಮೇಣ ಕರಗಿಸಲು ಕೂತ. ಪಾತ್ರೆ ಇಟ್ಟ, ನೀರು ಹಾಕಿದ, ಹೆಂಚಿನ ಚೂರು ಇಟ್ಟ, ಕಲ್ಲು ಹಾಕಿದ. ಮುಚ್ಚಳವನ್ನು ತೊಡೆಯ ಪಕ್ಕದಲ್ಲೇ ಇಟ್ಟುಕೊಂಡ. ಅವಳು ಮಣೆಯ ಮೇಲೆ ಕೂತು ನೋಡುತ್ತಿದ್ದಳು. ಅವನ ಬತ್ತಿಗಳು ಕೆಟ್ಟದಾಗಿ ಬಂದವು. ನೂಲು ಒಂದು ಕಡೆ, ಮೇಣ ಒಂದು ಕಡೆ. ನಡುವೆ ಗುಂಡಿ. ಬೀದಿಯವರು ಬತ್ತಿ ಹಿಡಿದು ಬಂದು, "ಇದೇನು ಮಾರಾಯ, ಒಂದೇ ಕಣ್ಣಲ್ಲಿ ಅಳುತ್ತೆ" ಎಂದು ನಕ್ಕರು. ಅವನು ಹೆಂಡತಿಯ ಕಡೆ ನೋಡಿದ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ.

ಒಂದು ದಿನ ತಡೆಯಲಾರದೆ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಬೈಯೇ," ಎಂದ. "ಒಂದು ಸಲ ಬೈದುಬಿಡು."

ಅವಳು ಹೇಳಿದಳು.

"ಬೈದೆನಲ್ಲ. ಹದಿನಾರು ವರ್ಷ."

ಅಷ್ಟೇ. ಮತ್ತೆ ಬಾಯಿ ಮುಚ್ಚಿಕೊಂಡಳು.

ಆ ದಿನ ಅವನಿಗೆ ಬೆಂಕಿಯ ದಿನಕ್ಕಿಂತ ಹೆಚ್ಚು ಭಯವಾಯಿತು. ಅವನು ಹಾಡು ಬಿಟ್ಟ. ಬಿಡಬೇಕೆಂದು ಬಿಟ್ಟದ್ದಲ್ಲ. ಕಲ್ಲಿನ ಮೇಲೆ ಕಿವಿ ಇಟ್ಟವನಿಗೆ ಹಾಡಲು ಆಗುತ್ತಿರಲಿಲ್ಲ. ದಿನವೂ ಕೂತು ಕೇಳಿದ. ಮೊದಮೊದಲು ಬರೀ ಟಕಟಕ. ಕ್ರಮೇಣ ಅದರಲ್ಲಿ ಭೇದ ತಿಳಿಯತೊಡಗಿತು. ನೀರು ತುಂಬ ಇದ್ದಾಗ ಕಲ್ಲಿನ ಸದ್ದು ಮಂದ. ಅರ್ಧವಾದಾಗ ಚುರುಕು. ಕಡಿಮೆಯಾದಾಗ ಗಡುಸು. ತೀರುವ ಮೊದಲು ಎರಡು ಸಲ ತಡೆದು ನಿಲ್ಲುತ್ತದೆ, ಹೇಳಲೋ ಬೇಡವೋ ಎನ್ನುವ ಹಾಗೆ. ಇಷ್ಟು ವರ್ಷ ಅದು ಇಷ್ಟೆಲ್ಲ ಹೇಳುತ್ತಿತ್ತು ಎಂದು ಅವನಿಗೆ ಗೊತ್ತಿರಲಿಲ್ಲ.

ಮಳೆಗಾಲ ಮುಗಿಯಿತು. ಅವಳ ಕೈಯ ಪಟ್ಟಿ ಬಿಚ್ಚಿದರು. ಬೆರಳು ಪೂರ್ತಿ ಮಡಚುತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಲೆಯ ಮೇಲೆ ಮೇಣ ಇತ್ತು. ಬೀದಿಯಲ್ಲಿ ಮದುವೆಯ ಮೆರವಣಿಗೆ ಬಂತು. ಮುಂದೆ ಬ್ಯಾಂಡು, ಹಿಂದೆ ಪಟಾಕಿ. ಮನೆಯ ಹೆಂಚು ಅದುರುತ್ತಿತ್ತು. ಬೀದಿಯ ಜನ ಎಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಮದುಮಗ ಭಜನೆಯ ಇನ್ನೊಬ್ಬ ಗೆಳೆಯನ ಮಗ. ಕಿಟಕಿಯಿಂದ ಇವನನ್ನು ಹೆಸರು ಹಿಡಿದು ಕರೆದರು. ಅವನು ಏಳಲಿಲ್ಲ. ತಲೆ ವಾಲಿಸಿ ಕೂತಿದ್ದ. ಆ ಗದ್ದಲದ ನಡುವೆ ಒಮ್ಮೆ ಕತ್ತು ಎತ್ತಿದ. ಪಕ್ಕದಲ್ಲಿ ಕಾಯಿಸಿ ಇಟ್ಟಿದ್ದ ನೀರನ್ನು ಚೊಂಬಿನಲ್ಲಿ ತೆಗೆದು, ಮೇಣಕ್ಕೆ ಹನಿ ಸಿಡಿಯದ ಹಾಗೆ ಪಾತ್ರೆಯ ಅಂಚಿನಿಂದ ಮೆಲ್ಲಗೆ ಇಳಿಸಿದ.

ಮಣೆಯ ಮೇಲೆ ಕೂತಿದ್ದ ಹೆಂಡತಿ ನೋಡಿದಳು. ಅಷ್ಟು ಸದ್ದಿನಲ್ಲಿ ಅವಳಿಗೇ ಕಲ್ಲು ಕೇಳಿಸಿರಲಿಲ್ಲ.

ಮೆರವಣಿಗೆ ದಾಟಿತು. ಬೀದಿ ತಣ್ಣಗಾಯಿತು. ಆಗ ಮೂಲೆಯಿಂದ ದನಿ ಬಂತು.

"ಇನ್ನರ್ಧ ಚೊಂಬು ಹಾಕಿದರೆ ಕೈ ಸವೆಯುತ್ತಾ? ಅದೇನು ನಿಮ್ಮ ತಾತ ತೋಡಿಸಿದ ಬಾವಿಯ ನೀರಾ, ಅಷ್ಟು ಜಿಪುಣತನ ಮಾಡೋದಕ್ಕೆ?"

ಅವನು ಚೊಂಬು ಕೆಳಗಿಟ್ಟ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಅಳೋದಿದ್ದರೆ ಆ ಕಡೆ ತಿರುಗಿ," ಎಂದಳು ಅವಳು. "ಮೇಣಕ್ಕೆ ನೀರು ಬಿದ್ದೀತು."

ಅಜ್ಜಯ್ಯನವರು ಮತ್ತೆ ಶೇಂಗಾಕ್ಕೆ ಕೈ ಹಾಕಿದರು. ಕತೆ ಮುಗಿಯಿತೋ ಇಲ್ಲವೋ ಎಂದು ಕೊಟ್ರೇಶನಿಗೆ ತಿಳಿಯಲಿಲ್ಲ.

"ಆಮೇಲೆ ಆ ಮನೆಯಲ್ಲಿ ಶಾಂತಿ ನೆಲೆಸಿತೇ, ಅಜ್ಜಯ್ಯ?"

"ಎಲ್ಲಿಯ ಶಾಂತಿ? ಅವನು ಸಾಯುವ ದಿನವೂ ಬೈದಳು. ಔಷಧಿ ಸರಿಯಾಗಿ ನುಂಗಲಿಲ್ಲ ಎಂದು. ನಾನು ಅಲ್ಲೇ ಇದ್ದೆ." ಅಜ್ಜಯ್ಯನವರ ಕೈ ಒಂದು ಕ್ಷಣ ತಡೆಯಿತು. "ಪುಣ್ಯವಂತ. ಕೇಳಿಸಿಕೊಳ್ಳುತ್ತ ಹೋದ."

ಕೊಟ್ರೇಶ ನಕ್ಕ. ನಗು ಪೂರ್ತಿ ಬರಲಿಲ್ಲ.

"ನಾನು ಅವನ ಹಾಗಲ್ಲ, ಅಜ್ಜಯ್ಯ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಇದ್ದೆ. ಉತ್ತರ ಕೊಡುತ್ತಿರಲಿಲ್ಲ, ಅಷ್ಟೇ."

ಅಜ್ಜಯ್ಯನವರು ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದರು.

"ಹಾಗಾದರೆ ಹೇಳು, ಅವಳು ಕೊನೆಯ ಸಲ ಬೈದದ್ದು ಯಾವುದಕ್ಕೆ?"